ಇಪ್ಪತ್ತು ಸಾವಿರದ ಬೋನಸ್‌ನಲ್ಲಿ ಕೈಗೆ ಬಂದದ್ದೆಷ್ಟು: ಮಹಾಲಿಂಗಪುರದ ಒಂದು ಪೋಕರ್ ಲೆಕ್ಕ

ಪ್ರಕರಣ 2024ರ ಸೆಪ್ಟೆಂಬರ್ ತಿಂಗಳದ್ದು. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ಬೆಲ್ಲದ ಅಡತಿ ಅಂಗಡಿಯೊಂದರ ಕಿರ್ದಿ ಬರೆಯುವ ಹುಡುಗ, ಬಿ.ಕಾಂ. ಮುಗಿಸಿದವ. ಅವರಪ್ಪನ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವವನು ನಾನು, ಹಾಗಾಗಿ ಅವನಿಗೆ ಕಾಕಾ. ಪೋಕರ್, ಅಂದರೆ ದುಡ್ಡು ಕಟ್ಟಿ ಆಡುವ ಇಸ್ಪೀಟ್ ಆಟದ ಆ್ಯಪ್ ಒಂದರ ಆಫರ್ ಇದ್ದ ಫೋನನ್ನು ನನ್ನ ಮುಂದೆ ಹಿಡಿದು ಕೇಳಿದ್ದು ಇಷ್ಟು: “ಕಾಕಾ, ಇಪ್ಪತ್ತ ಸಾವಿರ ಹಾಕಿದ್ರ ಇಪ್ಪತ್ತ ಸಾವಿರ ಬೋನಸ್ ಕೊಡ್ತಾರಂತ್ರಿ. ಮ್ಯಾಲ ರೇಕ್‌ಬ್ಯಾಕ್ ಬ್ಯಾರೆ, ಮೂವತ್ತ ಪರ್ಸೆಂಟ್. ಹಾಕಲೇನ್ರಿ?”

ಬುದ್ಧಿ ಹೇಳುವ ಕೆಲಸಕ್ಕೆ ನಾನು ಹೋಗಲಿಲ್ಲ. ಅವನು ಆಗಲೇ ಬೇರೊಂದು ಆ್ಯಪ್‌ನಲ್ಲಿ ಐದು-ಹತ್ತರ ಟೇಬಲ್ ಆಡುತ್ತಿದ್ದ. ಅಂದರೆ ಕಾರ್ಡು ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ಮೊತ್ತಗಳು: ಸ್ಮಾಲ್ ಬ್ಲೈಂಡ್ 5 ರೂಪಾಯಿ, ಬಿಗ್ ಬ್ಲೈಂಡ್ 10 ರೂಪಾಯಿ. ಹೋದದ್ದು ಬಂದದ್ದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ, ಅದು ಅಡತಿ ಅಂಗಡಿ ಕಲಿಸಿದ ಶಿಸ್ತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತಾದರೂ 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ಹೊಡೆದುಹಾಕಿತ್ತು. ಹೀಗಾಗಿ ಆಗ ಆಡಲು ಕಾನೂನಿನ ತೊಡಕು ಇರಲಿಲ್ಲ. ನಾನು ನೋಡಬೇಕಿದ್ದದ್ದು ಲೆಕ್ಕ ಮಾತ್ರ. ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಆ್ಯಪ್‌ನ ಹೆಸರು ಈ ಲೆಕ್ಕಕ್ಕೆ ಬೇಕಿಲ್ಲ.

ಪೋಕರ್‌ನಲ್ಲಿ ಆ್ಯಪ್ ನಮ್ಮ ಎದುರಾಳಿಯಲ್ಲ. ಆಟಗಾರರು ಒಬ್ಬರ ದುಡ್ಡು ಒಬ್ಬರು ಗೆಲ್ಲುತ್ತಾರೆ, ಆ್ಯಪ್ ಪ್ರತಿ ಪಾಟ್‌ನಿಂದ (ಒಂದು ಆಟಕ್ಕೆ ಎಲ್ಲರೂ ಕಟ್ಟಿದ ಒಟ್ಟು ದುಡ್ಡು) ರೇಕ್ ಎಂಬ ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ಸಣ್ಣ ಟೇಬಲ್‌ಗಳಲ್ಲಿ ಅದು ಸಾಮಾನ್ಯವಾಗಿ ಪಾಟ್‌ನ ಶೇ. 5ರ ಆಸುಪಾಸು, ಅದಕ್ಕೊಂದು ಮೇಲ್ಮಿತಿ. ಅವನಿಗೆ ಅವನ ಅಂಗಡಿಯನ್ನೇ ತೋರಿಸಿದೆ. ಸವಾಲಿನಲ್ಲಿ ಬೆಲ್ಲದ ಪೆಂಟಿ ಯಾರಿಂದ ಯಾರಿಗೆ ಹೋದರೂ ಅಡತಿ ಅಂಗಡಿಗೆ ದಲಾಲಿ ಬಂದೇ ಬರುತ್ತದೆ. ಹಂಗಾಮು ಮುಗಿದ ಮೇಲೆ ದೊಡ್ಡ ಗಿರಾಕಿಗೆ ಅದರಲ್ಲೇ ಒಂದಿಷ್ಟು ಬಿಟ್ಟುಕೊಟ್ಟರೆ ಅದು ರೇಕ್‌ಬ್ಯಾಕ್. ಬೋನಸ್ಸೂ ಅದೇ ಗಲ್ಲೆಯಿಂದ ಬರುವುದು. ಹೊರಗಿನಿಂದ ಯಾರೂ ತಂದು ಕೊಡುವುದಿಲ್ಲ, ಅವನೇ ಕೊಟ್ಟ ರೇಕ್‌ನಲ್ಲಿ ಒಂದು ಪಾಲು ತಿರುಗಿ ಬರುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಅವನು ಕಟ್ಟುವ ನೂರು ರೂಪಾಯಿ ರೇಕ್‌ಗೆ ಎಷ್ಟು ವಾಪಸ್? 20,000 ಎಂಬ ದೊಡ್ಡ ಅಕ್ಷರದ ಅಂಕಿಯನ್ನು ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಪಕ್ಕಕ್ಕಿಡಲು ಹೇಳಿದೆ.

ಮೊದಲ ಸೋರಿಕೆ ಜಿಎಸ್‌ಟಿ

2023ರ ಅಕ್ಟೋಬರ್ 1ಕ್ಕಿಂತ ಮೊದಲು ಆ್ಯಪ್‌ಗಳು ತಮ್ಮ ರೇಕ್ ಮೇಲಷ್ಟೇ ಶೇ. 18 ತೆರಿಗೆ ಕಟ್ಟುತ್ತಿದ್ದವು. ಆ ದಿನದಿಂದ ಆಟಗಾರ ಹಾಕುವ ಪೂರ್ತಿ ಠೇವಣಿಯ ಮೇಲೆ ಶೇ. 28 ಶುರುವಾಯಿತು. 20,000 ಹಾಕಿದರೆ ಅದರಲ್ಲಿ 15,625 ಆಟಕ್ಕೆ, 4,375 ತೆರಿಗೆಗೆ. ಗಿರಾಕಿ ಓಡಿಹೋಗದಿರಲಿ ಎಂದು ಆ್ಯಪ್‌ಗಳು ತೆರಿಗೆಯಷ್ಟೇ ಮೊತ್ತವನ್ನು ಬೋನಸ್ ರೂಪದಲ್ಲಿ ತುಂಬಿಕೊಡತೊಡಗಿದವು. ಈ ಆಫರ್‌ನ ಷರತ್ತುಗಳನ್ನು ಸಾಲುಸಾಲಾಗಿ ಓದಿದಾಗ ಗೊತ್ತಾದದ್ದು: ಆ 4,375 ಕೂಡ ಇಪ್ಪತ್ತು ಸಾವಿರದ ಬೋನಸ್‌ನೊಳಗೇ ಸೇರಿತ್ತು. ತೆರಿಗೆಗೆ ಹೋದದ್ದು ತೆರಿಗೆಯಷ್ಟೇ ತಿರುಗಿ ಬಂತು, ಅದರಲ್ಲಿ ಲಾಭವೇನೂ ಇಲ್ಲ. ಬೋನಸ್ ಎನ್ನಬಹುದಾದದ್ದು ಉಳಿದ 15,625 ಮಾತ್ರ, ಅದಕ್ಕೆ ಬೀಗ ಹಾಕಿತ್ತು.

ತುಂಬಿಕೊಡುವ ಈ ಸೌಲಭ್ಯ ಮೊದಲ ಠೇವಣಿಗೆ ಮಾತ್ರ. ಎರಡನೆಯ ಸಲ ಹಾಕಿದರೆ ತೆರಿಗೆ ಪೂರ್ತಿ ಅವನದೇ. ಇಲ್ಲಿ ಅವನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ವಿಚಿತ್ರ ಕಂಡಿತು. ಶನಿವಾರ ಗೆದ್ದದ್ದೋ ಉಳಿದದ್ದೋ ಬ್ಯಾಂಕಿಗೆ ತೆಗೆಯುವುದು, ಸೋಮವಾರ ಮತ್ತೆ 3,000 ಹಾಕುವುದು. ದುಡ್ಡು ಆ್ಯಪ್‌ನಲ್ಲಿದ್ದರೆ ಮನಸ್ಸು ತಡೆಯುವುದಿಲ್ಲ, ಅದಕ್ಕೇ ತೆಗೆದಿಡುತ್ತೇನೆ ಎಂಬುದು ಅವನ ವಾದ; ತಪ್ಪಲ್ಲ. ಆದರೆ ಹೀಗೆ ಒಂದು ಸುತ್ತು ತಿರುಗಿಸಿದಾಗೆಲ್ಲ 656 ರೂಪಾಯಿ 25 ಪೈಸೆ ತೆರಿಗೆ. ಆ್ಯಪ್‌ನೊಳಗೇ ಉಳಿದ ಗೆಲುವನ್ನು ಮತ್ತೆ ಆಡಿದರೆ ಅದು ಹೊಸ ಠೇವಣಿ ಎನಿಸುವುದಿಲ್ಲ. ಹಾಕಿದ್ದನ್ನು ಆಡದೇ ವಾಪಸ್ ತೆಗೆದರೂ ಕಟ್ಟಿದ ಜಿಎಸ್‌ಟಿ ಬರುವುದಿಲ್ಲ. ಜಿಎಸ್‌ಟಿಯ 31ಬಿ ನಿಯಮದಲ್ಲಿ ಎರಡೂ ಸ್ಪಷ್ಟವಾಗಿವೆ. ಯಾವ ರೇಕ್‌ಬ್ಯಾಕ್ ಯೋಜನೆಯೂ ಈ ಸೋರಿಕೆಯನ್ನು ತುಂಬುವಷ್ಟು ದೊಡ್ಡದಿರುವುದಿಲ್ಲ.

ಬೀಗ ತೆಗೆಯಲು ಎಷ್ಟು ಆಡಬೇಕು

ಷರತ್ತು ಹೀಗಿತ್ತು: ಪ್ರತಿ 2,500 ರೂಪಾಯಿ ರೇಕ್‌ಗೆ 500 ರೂಪಾಯಿ ಬಿಡುಗಡೆ, ಅವಧಿ 60 ದಿನ. ಅಂದರೆ ಶೇ. 20. ಪೂರ್ತಿ 15,625 ಬಿಡಿಸಿಕೊಳ್ಳಲು 78,125 ರೂಪಾಯಿ ರೇಕ್ ಕಟ್ಟಬೇಕು.

ಅವನು ಎಷ್ಟು ಕಟ್ಟುತ್ತಾನೆ? ಇದೇ ಇಡೀ ಲೆಕ್ಕದ ಬುಡ. ನೋಟ್‌ಬುಕ್ಕಿನಿಂದ ತೆಗೆದದ್ದು: ಅಂಗಡಿ ಮುಚ್ಚಿ ಉಂಡ ಮೇಲೆ ಎರಡು ತಾಸು, ಆರು ಜನರ ಎರಡು ಟೇಬಲ್, ತಾಸಿಗೆ ಸುಮಾರು 150 ಹ್ಯಾಂಡ್ (ಒಮ್ಮೆ ಕಾರ್ಡು ಹಂಚಿ ಮುಗಿಸುವ ಒಂದು ಆಟ), ವಾರಕ್ಕೆ ಐದು ರಾತ್ರಿ. ಅವನ ಲೆಕ್ಕಕ್ಕೆ ಬೀಳುವ ರೇಕ್ ನೂರು ಹ್ಯಾಂಡ್‌ಗೆ ಸುಮಾರು 80 ರೂಪಾಯಿ, ಅಂದರೆ 8 ಬಿಗ್ ಬ್ಲೈಂಡ್. ಅರವತ್ತು ದಿನದಲ್ಲಿ 40 ರಾತ್ರಿ ಆಡಿದ ಎಂದು ಹಿಡಿದರೂ 12,000 ಹ್ಯಾಂಡ್, 9,600 ರೂಪಾಯಿ ರೇಕ್. ಬಿಡುಗಡೆ ಮೂರು ಕಂತು ಮಾತ್ರ, 1,500 ರೂಪಾಯಿ. ನಾಲ್ಕನೆಯ ಕಂತಿಗೆ 400 ರೂಪಾಯಿ ರೇಕ್ ಕಡಿಮೆ ಬೀಳುತ್ತದೆ, ಅರ್ಧ ಕಂತು ಎಂಬುದಿಲ್ಲ. ಮಿಕ್ಕ 14,125 ಅರವತ್ತೊಂದನೆಯ ದಿನ ಅಳಿಸಿಹೋಗುತ್ತದೆ.

ಪೂರ್ತಿ ಬಿಡಿಸಿಕೊಳ್ಳಬೇಕೆಂದರೆ ಇದೇ ಟೇಬಲ್‌ನಲ್ಲಿ 97,656 ಹ್ಯಾಂಡ್, 651 ತಾಸು. ದಿನಕ್ಕೆ ಹನ್ನೊಂದು ತಾಸಿನ ಹತ್ತಿರ. ಅಂಗಡಿ ಕೆಲಸವನ್ನೇ ಬಿಡಬೇಕು.

ಇಂಥ ಆಫರ್‌ಗಳ ನಿಜವಾದ ಅಪಾಯ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ, ಮತ್ತು ಹುಡುಗ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಬಂದಿದ್ದ. “ದೊಡ್ಡ ಟೇಬಲ್‌ಗೆ ಹೋದ್ರ ಲಗೂನ ಬಿಡತೈತಲ್ರಿ ಕಾಕಾ.” ಬಿಡುತ್ತದೆ. 25-50ರ ಟೇಬಲ್‌ನಲ್ಲಿ ಮೇಲ್ಮಿತಿಯಿಂದಾಗಿ ರೇಕ್ ಪ್ರಮಾಣ ಕೊಂಚ ಇಳಿದು ನೂರು ಹ್ಯಾಂಡ್‌ಗೆ 6 ಬಿಗ್ ಬ್ಲೈಂಡ್ ಎಂದು ಹಿಡಿದರೂ ಅದು 300 ರೂಪಾಯಿ. ಆಗ 26,042 ಹ್ಯಾಂಡ್ ಸಾಕು, ದಿನಕ್ಕೆ ಮೂರು ತಾಸಿಗೂ ಕಡಿಮೆ. ಕಾಗದದ ಮೇಲೆ ನೋಡಿದರೆ ಆಗಿಹೋಗುವ ಕೆಲಸ.

ಆದರೆ ಆರು ಜನರ ನೋ-ಲಿಮಿಟ್, ಅಂದರೆ ಪಣಕ್ಕೆ ಮಿತಿಯಿಲ್ಲದ, ಟೇಬಲ್‌ನಲ್ಲಿ ನೂರು ಹ್ಯಾಂಡ್‌ಗೆ ಫಲಿತಾಂಶದ ಏರಿಳಿತ, ಸಂಖ್ಯಾಶಾಸ್ತ್ರದವರು ಪ್ರಮಾಣ ವಿಚಲನೆ ಎನ್ನುವುದು, 80ರಿಂದ 100 ಬಿಗ್ ಬ್ಲೈಂಡ್ ಇರುತ್ತದೆ. 90 ಎಂದಿಟ್ಟುಕೊಂಡರೆ 26,042 ಹ್ಯಾಂಡ್‌ಗಳಲ್ಲಿ ಅದು ಸುಮಾರು 1,452 ಬಿಗ್ ಬ್ಲೈಂಡ್, ಅಂದರೆ 72,600 ರೂಪಾಯಿ. ಮೂರರಲ್ಲಿ ಒಂದು ಸಲ ಅದಕ್ಕಿಂತಲೂ ಆಚೆ, ಮೇಲಕ್ಕೋ ಕೆಳಕ್ಕೋ, ಹೋಗಬಹುದು. 15,625ರ ಬೋನಸ್ ಬಿಡಿಸಲು 72,600ರ ಏರಿಳಿತಕ್ಕೆ ತಲೆ ಕೊಡಬೇಕು, ಅದೂ 20,000 ಬಂಡವಾಳದಲ್ಲಿ. ಆ ಟೇಬಲ್‌ಗೆ ಕೂರಲು ಒಂದು ಬೈ-ಇನ್ನೇ 5,000. ನಾಲ್ಕು ಸಲ ಕೂತರೆ ಚೀಲ ಖಾಲಿ. ಜೊತೆಗೆ ಅಲ್ಲಿ ಎದುರು ಕೂತವರು ಇವನಿಗಿಂತ ಗಟ್ಟಿ. ಬೋನಸ್ಸಿಗಾಗಿ ಟೇಬಲ್ ಬದಲಿಸಕೂಡದು ಎಂಬ ಒಂದೇ ವಿಷಯದಲ್ಲಿ ನಾನು ಅವನೊಡನೆ ಗಟ್ಟಿಯಾಗಿ ಮಾತಾಡಿದ್ದು.

ರೇಕ್‌ಬ್ಯಾಕ್‌ನ ಮೂವತ್ತು ಮೂವತ್ತಲ್ಲ

ಬೋನಸ್‌ಗಿಂತ ರೇಕ್‌ಬ್ಯಾಕ್ ಪ್ರಾಮಾಣಿಕ. ಕಂತಿಲ್ಲ, ಅವಧಿಯಿಲ್ಲ, ವಾರಕ್ಕೊಮ್ಮೆ ಖಾತೆಗೆ ಬೀಳುತ್ತದೆ. ಆದರೂ ಎರಡು ಕಡೆ ಬೆರಳಿಟ್ಟು ನೋಡಬೇಕು.

ಒಂದು, ಶೇ. 30 ಯಾವುದರ ಮೇಲೆ? ಇಲ್ಲಿ ಅದು ‘ನಿವ್ವಳ ರೇಕ್’ ಮೇಲೆ, ಅಂದರೆ ಬಿಡುಗಡೆಯಾದ ಬೋನಸ್ ಕಳೆದ ಮೇಲೆ. 9,600ರಲ್ಲಿ 1,500 ಕಳೆದು 8,100ರ ಶೇ. 30 ಎಂದರೆ 2,430. ಶೇ. 20 ಮತ್ತು ಶೇ. 30 ಸೇರಿ ಐವತ್ತು ಎಂದು ಹುಡುಗ ಕೂಡಿಸಿಕೊಂಡಿದ್ದ. ಬರುವುದು ಎರಡೂ ಸೇರಿ 3,930, ಅಂದರೆ ಶೇ. 41ಕ್ಕೆ ಒಂದು ಕೂದಲು ಕಡಿಮೆ.

ಎರಡು, ಪಾಟ್‌ನ ರೇಕ್ ಯಾರ ಲೆಕ್ಕಕ್ಕೆ ಎಷ್ಟು ಬೀಳುತ್ತದೆ? 800 ರೂಪಾಯಿ ಪಾಟ್, ರೇಕ್ 40. ಇಬ್ಬರು ತಲಾ 350 ಹಾಕಿದ್ದಾರೆ, ನಮ್ಮವ 100 ಹಾಕಿ ಕೈಬಿಟ್ಟಿದ್ದಾನೆ. ಕಾರ್ಡು ಹಂಚಿದ ಆರೂ ಜನರಿಗೆ ಸಮನಾಗಿ ಹಂಚುವ ಆ್ಯಪ್‌ನಲ್ಲಿ ಅವನ ಪಾಲು 6.67, ಪಾಟ್‌ಗೆ ದುಡ್ಡು ಹಾಕಿದ ಮೂವರಿಗೆ ಸಮನಾಗಿ ಹಂಚಿದರೆ 13.33; ಹಾಕಿದ ಮೊತ್ತಕ್ಕೆ ತಕ್ಕಂತೆ ಹಂಚಿದರೆ 5 ರೂಪಾಯಿ. ಈ ಆ್ಯಪ್‌ನದು ಮೂರನೆಯ ಬಗೆ. ಹುಡುಗ ಬಿಗಿಯಾಗಿ ಆಡುವವ, ಹೆಚ್ಚು ಹ್ಯಾಂಡ್ ಬಿಡುವವ. ಅವನಿಗೆ ಮೊದಲ ಬಗೆಯೇ ಲಾಭ. ಹಳೆಯ ಆ್ಯಪ್ ಹಂಚುತ್ತಿದ್ದದ್ದೂ ಮೂರನೆಯ ಬಗೆಯಲ್ಲೇ ಆದ್ದರಿಂದ ನೂರು ಹ್ಯಾಂಡ್‌ಗೆ 80 ಎಂಬ ಅಂದಾಜನ್ನು ಹಾಗೇ ಉಳಿಸಿಕೊಂಡೆ.

ಈಗ ಉತ್ತರಕ್ಕೆ ಬರಬಹುದು. ನೂರು ಹ್ಯಾಂಡ್‌ಗೆ 8 ಬಿಗ್ ಬ್ಲೈಂಡ್ ರೇಕ್ ಹೋಗುತ್ತದೆ, ಸುಮಾರು 3.3 ತಿರುಗಿ ಬರುತ್ತದೆ. ಉಳಿದ 4.7 ಬಿಗ್ ಬ್ಲೈಂಡ್, ಅಂದರೆ 47 ರೂಪಾಯಿಯಷ್ಟು ಉಳಿದವರಿಗಿಂತ ಚೆನ್ನಾಗಿ ಆಡಿದರೆ ಸೊನ್ನೆಗೆ ನಿಲ್ಲುತ್ತಾನೆ. ಅವನು ಅಷ್ಟು ಚೆನ್ನಾಗಿ ಆಡುತ್ತಾನೋ ಇಲ್ಲವೋ 12,000 ಹ್ಯಾಂಡ್‌ನಿಂದ ಹೇಳಲಾಗದು, ಏಕೆಂದರೆ ಅಷ್ಟರಲ್ಲಿ ಅದೃಷ್ಟದ ಏರಿಳಿತವೇ ಸುಮಾರು 9,860 ರೂಪಾಯಿ. ಬರುವ 3,930 ಆ ಗದ್ದಲದೊಳಗೆ ಕಾಣಿಸುವುದೂ ಕಷ್ಟ.

ಗೆದ್ದವನಿಗೆ ಆದಾಯ ತೆರಿಗೆ ಬೇರೆ. 2023ರ ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ ಶೇ. 30 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ), ಆಗಿನ ಆದಾಯ ತೆರಿಗೆ ಕಾಯ್ದೆಯ 194ಬಿಎ ಕಲಮಿನಡಿ. ಆ ವರ್ಷ ಮೇ 22ರ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಸುತ್ತೋಲೆಯ ಪ್ರಕಾರ ಬರೀ ಆಡಲು ಬರುವ, ತೆಗೆಯಲು ಬಾರದ ಬೋನಸ್ ಲೆಕ್ಕಕ್ಕಿಲ್ಲ. ತೆಗೆಯಲು ಬಂದ ಕ್ಷಣದಿಂದ ಅದು ತೆರಿಗೆಗೆ ಒಳಪಡುವ ಠೇವಣಿ, ಅವನು ಹಾಕಿದ ಸ್ವಂತ ದುಡ್ಡಿನಂತೆ ಕಳೆಯಲು ಬರುವುದಿಲ್ಲ. ಹಾಗಾಗಿ ವರ್ಷದ ಕೊನೆಗೆ ಲಾಭದಲ್ಲಿದ್ದವನಿಗೆ 3,930ರ ನಿಜ ಬೆಲೆ, ಸೆಸ್ ಸೇರಿದ ಶೇ. 31.2 ಕಳೆದು, 2,704. ಉಳಿದ ಆದಾಯ ಎಷ್ಟೇ ಕಡಿಮೆಯಿದ್ದರೂ ಮೂಲ ವಿನಾಯಿತಿ ಮಿತಿ ಇದಕ್ಕೆ ಸಿಗುವುದಿಲ್ಲ.

ಆದದ್ದು

ಹಾಕುವುದಾದರೆ ಹಾಕು, ಆದರೆ ಐದು-ಹತ್ತರ ಟೇಬಲ್ ಬಿಡಬೇಡ, ಮಧ್ಯೆ ತೆಗೆದು-ಹಾಕುವುದು ಬೇಡ ಎಂದೆ. ಅಕ್ಟೋಬರ್ ಮೊದಲಿಗೆ ಹಾಕಿದ. ದೀಪಾವಳಿ ಕಳೆಯುತ್ತಿದ್ದಂತೆ ಗಾಣಗಳು ಶುರುವಾಗಿ ಬೆಲ್ಲದ ಆವಕ ಏರಿತು, ಕಿರ್ದಿ ಮುಗಿಸುವಷ್ಟರಲ್ಲೇ ಹತ್ತು ಹೊಡೆಯುತ್ತಿತ್ತು. ನಾನು ಹಿಡಿದ 12,000 ಹ್ಯಾಂಡ್ ಆಗಲಿಲ್ಲ, 7,800ಕ್ಕೆ ಅರವತ್ತು ದಿನ ಮುಗಿಯಿತು. ರೇಕ್ 6,300. ಬೋನಸ್ ಎರಡು ಕಂತು, 1,000. ರೇಕ್‌ಬ್ಯಾಕ್ 5,300ರ ಮೇಲೆ 1,590. ಒಟ್ಟು 2,590, ಮತ್ತೆ ಶೇ. 41ರ ಹತ್ತಿರವೇ.

ಟೇಬಲ್‌ನಲ್ಲಿ 4,150 ಸೋತಿದ್ದ. 7,800 ಹ್ಯಾಂಡ್‌ನಲ್ಲಿ ಇದು ತೀರ ಸಾಮಾನ್ಯ ಏರಿಳಿತ, ಆಟ ಕೆಟ್ಟದ್ದು ಎನ್ನಲು ಸಾಕ್ಷಿಯಲ್ಲ. ಒಳ್ಳೆಯದು ಎನ್ನಲೂ ಅಲ್ಲ. ನವೆಂಬರ್‌ನಲ್ಲಿ ಒಂದು ಕೆಟ್ಟ ರಾತ್ರಿ ಕಳೆದ ಮೇಲೆ, ಖಾತೆಯಲ್ಲಿ ದುಡ್ಡಿದ್ದರೂ, ಇನ್ನೊಂದು 5,000 ಹಾಕಿಬಿಟ್ಟಿದ್ದ: ಜಿಎಸ್‌ಟಿ 1,093.75. ಎಲ್ಲ ಸೇರಿ ಡಿಸೆಂಬರ್‌ನಲ್ಲಿ 25,000ಕ್ಕೆ 22,346 ರೂಪಾಯಿ 25 ಪೈಸೆ ಹಿಂದೆ ಬಂತು. ಟಿಡಿಎಸ್ ಕಡಿತವಾಗಲಿಲ್ಲ, ಸೋತವನಿಗೆ ಆ ಒಂದು ರಿಯಾಯಿತಿ ಇದೆ.

20,000ದ ಬೋನಸ್‌ನಲ್ಲಿ, ತೆರಿಗೆಯಷ್ಟು ತಿರುಗಿ ಬಂದದ್ದನ್ನು ಬಿಟ್ಟರೆ, ಅವನ ಕೈ ಸೇರಿದ್ದು ಒಂದು ಸಾವಿರ. ಪೂರ್ತಿ ಬಿಡಿಸಿಕೊಳ್ಳಲು ಓಡಿದ್ದರೆ ಎಷ್ಟು ಹೋಗುತ್ತಿತ್ತೋ ಎಂದು ನಾನೂ ಲೆಕ್ಕ ಹಾಕಲಿಲ್ಲ.

ಎರಡನೆಯ ಆಫರ್

2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟವೋ ಅದೃಷ್ಟದ್ದೋ ಎಂಬ ಹಳೆಯ ಜಗಳವನ್ನು ಬದಿಗೆ ಸರಿಸಿ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ಅದು ನಿಷೇಧಿಸಿತು. ದೇಶದ ದೊಡ್ಡ ಆ್ಯಪ್‌ಗಳು ಆ ದಿನಗಳಲ್ಲೇ ಹಣದ ಟೇಬಲ್ ಮುಚ್ಚಿದವು. ದಸರಾ ಮುಂದೆ ಹುಡುಗ ಮತ್ತೆ ಬಂದ, ಈ ಸಲ ಟೆಲಿಗ್ರಾಂ ಸಂದೇಶ ಹಿಡಿದು: ಹೊರದೇಶದ ಸೈಟು, 300% ಬೋನಸ್, 60% ರೇಕ್‌ಬ್ಯಾಕ್, ಠೇವಣಿ ಏಜೆಂಟನ ಯುಪಿಐಗೆ ಅಥವಾ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯ) ರೂಪದಲ್ಲಿ. “ಜಿಎಸ್‌ಟಿನೂ ಇಲ್ರಿ ಕಾಕಾ.”

ಹಿಂದಿನ ವರ್ಷದ ಅವನದೇ ಅಂಕಿಗಳನ್ನು ಇಲ್ಲಿಗೆ ತಂದೆವು. 6,300 ರೇಕ್‌ಗೆ ಶೇ. 60 ಎಂದರೆ 3,780. ಟೇಬಲ್‌ನ 4,150 ಸೋಲಿನಲ್ಲಿ ಅದನ್ನು ಕಳೆದರೂ 370 ಮೈನಸ್. ಹಳೆಯ ಆ್ಯಪ್‌ಗಿಂತ ಇಲ್ಲಿ ಹೆಚ್ಚಿಗೆ ಬರುವುದು 1,190, ಉಳಿಯುವ ಜಿಎಸ್‌ಟಿ 1,093.75, ಸೇರಿ 2,284. ಖಾತೆಯಲ್ಲಿ 20,000 ಇಡುತ್ತಾನೆ ಎನ್ನೋಣ. ಆ ದುಡ್ಡು ವಾಪಸ್ ಬಾರದಿರುವ ಸಾಧ್ಯತೆ ನೂರಕ್ಕೆ ಹನ್ನೆರಡಿದ್ದರೂ ಆ ಇಡೀ ಅನುಕೂಲ ಸೊನ್ನೆ.

ಹನ್ನೆರಡು ಹೆಚ್ಚಾಯಿತು ಎನ್ನುವವರಿಗೆ ಫುಲ್ ಟಿಲ್ಟ್ ಪೋಕರ್ ಇದೆ. ಶೇ. 27 ರೇಕ್‌ಬ್ಯಾಕ್‌ಗೆ ಜಗತ್ತಿನಾದ್ಯಂತ ಹೆಸರಾಗಿದ್ದ ಸೈಟು. 2011ರ ಏಪ್ರಿಲ್ 15ರಂದು ಅಮೆರಿಕದ ನ್ಯಾಯಾಂಗ ಇಲಾಖೆ ಅದರ ಡೊಮೇನ್ ಜಪ್ತಿ ಮಾಡಿದಾಗ ಆಟಗಾರರ ದುಡ್ಡು ಕೊಡಲು ಸಾಕಾಗುವಷ್ಟು ಹಣ ಕಂಪನಿಯಲ್ಲಿ ಇರಲಿಲ್ಲ. ಮರುವರ್ಷ ಪೋಕರ್‌ಸ್ಟಾರ್ಸ್ ಅದನ್ನು ಕೊಂಡ ಮೇಲೆ ಅಮೆರಿಕದ ಹೊರಗಿನವರಿಗೆ ನವೆಂಬರ್‌ನಲ್ಲಿ ಹಣ ಸಿಕ್ಕಿತು, ಅಮೆರಿಕದವರು 2014ರವರೆಗೆ ಕಾದರು. ಅದು ಲೈಸೆನ್ಸ್ ಪಡೆದಿದ್ದ, ದೊಡ್ಡ ದೊಡ್ಡ ಆಟಗಾರರು ಜಾಹೀರಾತಿಗೆ ನಿಂತಿದ್ದ ಕಂಪನಿ. ಟೆಲಿಗ್ರಾಂ ಏಜೆಂಟನಿಗೆ ವಿಳಾಸವೂ ಇಲ್ಲ.

ಹಣ ವಾಪಸ್ ಬಂದರೂ ಯಾರ ಖಾತೆಯಿಂದ ಬರುತ್ತದೆ ಎಂಬುದು ಇನ್ನೊಂದು ತಲೆನೋವು. ಏಜೆಂಟರು ಬಾಡಿಗೆ ಖಾತೆಗಳಿಂದ ಕಳಿಸುತ್ತಾರೆ. ಅದರಲ್ಲಿ ಯಾರೋ ವಂಚನೆಗೊಳಗಾದವರ ದುಡ್ಡು ಸೇರಿದ್ದು ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ದುಡ್ಡು ಹರಿದ ಖಾತೆಗಳನ್ನೆಲ್ಲ ಬ್ಯಾಂಕು ತಡೆಹಿಡಿಯುತ್ತದೆ. ಇವನ ಸಂಬಳ ಬೀಳುವುದೂ ಅದೇ ಖಾತೆಗೆ.

ಅವನನ್ನು ನಿಜವಾಗಿ ಸೆಳೆದದ್ದು ಸಂದೇಶದ ಕೊನೆಯ ಸಾಲು: ಗೆಳೆಯರನ್ನು ಸೇರಿಸಿದರೆ ಅವರ ರೇಕ್‌ನಲ್ಲಿ ಶೇ. 10. ಇದಕ್ಕೆ ಬಂಡವಾಳ ಬೇಡ, ಏರಿಳಿತವಿಲ್ಲ, ಬರೀ ಲೆಕ್ಕದಲ್ಲಿ ನೋಡಿದರೆ ಇಡೀ ಆಫರ್‌ನಲ್ಲಿ ಬೆಲೆಯುಳ್ಳದ್ದು ಇದೊಂದೇ. ಕಾಯ್ದೆ ಕಣ್ಣಿಟ್ಟಿರುವುದೂ ಇದರ ಮೇಲೆಯೇ. ಆಡಿದವನಿಗೆ ಅದು ಶಿಕ್ಷೆ ವಿಧಿಸುವುದಿಲ್ಲ. ಆಟ ಒದಗಿಸುವವನಿಗೆ, ಅದಕ್ಕೆ ನೆರವಾಗುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವನಿಗೆ ಎರಡು ವರ್ಷ, ಐವತ್ತು ಲಕ್ಷದವರೆಗೆ. ಗೆಳೆಯರನ್ನು ಹೀಗೆ ಸೇರಿಸುವ ರೆಫರಲ್ ಕೋಡ್ ಹಂಚುವುದು ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ವಕೀಲರು ವಾದಿಸಲಿ, ಎರಡರಿಂದಲೂ ಹೊರಗುಳಿಯುತ್ತದೆ ಎಂದು ಅವನಿಗೆ ಭರವಸೆ ಕೊಡಲು ನಾನು ತಯಾರಿರಲಿಲ್ಲ.

“ಆ ಕೋಡ್ ಸ್ಟೇಟಸ್‌ಗೆ ಹಾಕೀಯೇನೋ?” ಎಂದೆ.

“ನಿನ್ನೆ ರಾತ್ರಿ ಹಾಕೀನ್ರಿ.”

“ತಗಿ ತಮ್ಮಾ ಅದನ್ನ. ಈಗ, ನನ್ನ ಮುಂದನ.”

ತೆಗೆದ. ಕೋಡ್ ಬಳಸಿ ಯಾರಾದರೂ ಸೇರಿದ್ದಾರೆಯೇ ಎಂದು ಟೆಲಿಗ್ರಾಂನಲ್ಲೂ ನೋಡಿಸಿದೆ. ಒಬ್ಬ ಕೇಳಿದ್ದ, ದುಡ್ಡು ಹಾಕಿರಲಿಲ್ಲ. ಅವನಿಗೂ ಅಲ್ಲಿಂದಲೇ ಫೋನ್ ಹಚ್ಚಿಸಿದೆ.